ಪಹಣಿಯಲ್ಲಿ ಇಲ್ಲದ ನಮ್ಮಪ್ಪ

ಹೋದ ಸೋಮವಾರ ನಾನು ಅಂಗಡಿ ಶಟರ್ ಎತ್ತೋ ಹೊತ್ತಿಗೆ ಕಟ್ಟೆ ಮೇಲೆ ಏಳೆಂಟು ಜನ ಕೂತಿದ್ರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ನಾಲ್ಕು ಮಡಿಕೆ ಬಿದ್ದ ಪಹಣಿ (ಹೊಲ ಯಾರದು ಅನ್ನೋ ದಾಖಲೆ). "ಯವ್ವಾ, ಎರಡು ಸಾವಿರದ್ದು ಮುಂದಿನ ಕಂತು ಯಾವಾಗ ಬರ್ತೈತಿ ನೋಡು" ಅಂತ ಒಬ್ಬರು, "ನಂದು ಹಿಂದಿಂದೇ ಬಂದಿಲ್ಲವ್ವ" ಅಂತ ಇನ್ನೊಬ್ಬರು. ಸಿಂಧನೂರು ತಾಲ್ಲೂಕಿನ ನಮ್ಮ ಊರಲ್ಲಿ ನಾನು ಈ ಆನ್‌ಲೈನ್ ಸೆಂಟರ್ ಶುರು ಮಾಡಿ ಐದು ವರ್ಷ ಆಯ್ತು, ಜೆರಾಕ್ಸು, ಲ್ಯಾಮಿನೇಷನ್ನು, ಕಾಸ್ಟ್ ಇನ್‌ಕಮ್ ಅರ್ಜಿ ಎಲ್ಲಾ ಮಾಡ್ತೀನಿ ಆದ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ರೈತರ ರೊಕ್ಕದ್ದೇ. ಎಫ್‌ಐಡಿ (ರೈತರ ಗುರುತಿನ ನಂಬರ್) ಮಾಡೋದು, ಇ-ಕೆವೈಸಿ (ಆಧಾರ್ ಮೇಲೆ ಗುರುತು ಖಚಿತ) ಮಾಡೋದು, ಬೆಳೆ ವಿಮೆ ಕಟ್ಟೋದು, ಪರಿಹಾರ ಯಾರ ಖಾತೆಗೆ ಬಿತ್ತು ಅಂತ ಹುಡುಕೋದು.

ಇಷ್ಟು ಜನರಿಗೆ ಇಷ್ಟು ವರ್ಷ ಇದನ್ನೆಲ್ಲ ಮಾಡಿಕೊಟ್ಟಿದ್ದೀನಿ, ನಮ್ಮಪ್ಪನ ಹೆಸರಲ್ಲಿ ಮಾತ್ರ ಒಂದು ಅರ್ಜಿನೂ ಹಾಕೋಕಾಗಿಲ್ಲ. ಅಪ್ಪ ಹುಟ್ಟಿದಾಗಿಂದ ಒಕ್ಕಲುತನ ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಆದ್ರೆ ಕಂಪ್ಯೂಟರಲ್ಲಿ ಅಪ್ಪನ ಆಧಾರ್ ನಂಬರ್ ಹೊಡೆದ್ರೆ ರೈತ ಅಂತ ಬರಲ್ಲ. ಹೆಸರಲ್ಲಿ ಒಂದು ಗುಂಟೆ ಹೊಲ ಇಲ್ಲ, ಲಾವಣಿ ಮಾಡೋನು, ಅಂದ್ರೆ ಬೇರೆಯೋರ ಹೊಲ ಗೇಣಿಗೆ ಹಿಡಿದು ಮಾಡೋನು. ಇದನ್ನ ಬಹಳ ದಿನದಿಂದ ಬರೀಬೇಕು ಅಂತಿದ್ದೆ, ಇವತ್ತು ಕರೆಂಟು ಇದೆ, ಅಂಗಡಿಯಲ್ಲಿ ಜನ ಕಡಿಮೆ, ಬರೀತಿದೀನಿ.

ಮೊದಲು ಆ ಎರಡು ಸಾವಿರದ ಕಥೆ ಹೇಳ್ತೀನಿ, ಯಾಕಂದ್ರೆ ಅದು ಎಲ್ಲರಿಗೂ ಗೊತ್ತಿರೋದು. ಪಿಎಂ ಕಿಸಾನ್ 2019ರ ಫೆಬ್ರವರಿ 24ಕ್ಕೆ ಶುರುವಾಯ್ತು. ವರ್ಷಕ್ಕೆ 6,000, ನಾಲ್ಕು ತಿಂಗಳಿಗೊಮ್ಮೆ 2,000. ಮೊದಲು ಎರಡು ಹೆಕ್ಟೇರ್ ಒಳಗಿನ ಸಣ್ಣ ರೈತರಿಗೆ ಅಂತಿತ್ತು, ಆಮೇಲೆ ಅದೇ ವರ್ಷ ಆ ಮಿತಿ ತೆಗೆದು ಹೊಲ ಇದ್ದೋರಿಗೆಲ್ಲ ಅಂತ ಮಾಡಿದ್ರು, ಇನ್‌ಕಮ್ ಟ್ಯಾಕ್ಸ್ ಕಟ್ಟೋರು, ಸರ್ಕಾರಿ ನೌಕರರು, ದೊಡ್ಡ ಪೆನ್ಷನ್ ಬರೋರು, ಡಾಕ್ಟರ್ ಇಂಜಿನಿಯರ್ ವಕೀಲರು ಇವರನ್ನ ಬಿಟ್ಟು. ಹೊಲ 2019ರ ಫೆಬ್ರವರಿ 1ಕ್ಕೆ ನಿಮ್ಮ ಹೆಸರಲ್ಲಿ ಇರಬೇಕು, ಆಮೇಲೆ ಕೊಂಡಿದ್ರೆ ಬರಲ್ಲ, ಹಿರಿಯರು ತೀರಿಹೋಗಿ ವಾರಸಾ ಆಗಿದ್ರೆ ಬರುತ್ತೆ. ನಮ್ಮ ರಾಜ್ಯ ಸರ್ಕಾರ ಸ್ವಲ್ಪ ವರ್ಷ ಇದರ ಮೇಲೆ ಇನ್ನೂ 4,000 ಸೇರಿಸಿ ಕೊಡ್ತಿತ್ತು, 2023ರಲ್ಲಿ ಅದು ನಿಂತುಹೋಯ್ತು. ಇವತ್ತಿಗೂ "ರಾಜ್ಯದ್ದು ಯಾಕ ಬರವಲ್ದು" ಅಂತ ಕೇಳ್ಕೊಂಡು ಬರೋರು ಇದಾರೆ.

2025ರ ನವೆಂಬರ್ 19ಕ್ಕೆ 21ನೇ ಕಂತು ಬಿತ್ತು. ಅವತ್ತು ಸಂಜೆ ಒಬ್ಬ ಅಜ್ಜಿ ಬಂದ್ಲು, ನಾಲ್ಕು ಕಂತಿಂದ ಬಂದಿಲ್ಲ ಅಂತ. ಬೆರಳು ಮಷಿನ್ ಮೇಲೆ ಇಟ್ರೆ ಹತ್ತೂ ಬೆರಳು ಹಿಡೀತಿಲ್ಲ, ಐವತ್ತು ವರ್ಷ ಸಸಿ ಹಚ್ಚಿ ಕಳೆ ತೆಗೆದು ಮೆಣಸಿನಕಾಯಿ ಬಿಡಿಸಿ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಓಟಿಪಿ ತಗೊಳ್ಳೋಣ ಅಂದ್ರೆ ಆಧಾರ್‌ಗೆ ಕೊಟ್ಟ ನಂಬರ್ ಬೆಂಗಳೂರಿಗೆ ದುಡಿಯೋಕೆ ಹೋದ ಮಗಂದು, ಅವನ ಫೋನ್ ಸ್ವಿಚ್ ಆಫ್. ಕೊನೆಗೆ ಆ್ಯಪಲ್ಲಿ ಮುಖ ತೋರಿಸಿ ಮಾಡೋದಿದೆಯಲ್ಲ, ಅದರಲ್ಲಿ ಬಾಗಿಲ ಬೆಳಕಿಗೆ ನಿಲ್ಲಿಸಿ ಮೂರು ಸಲ ಕಣ್ಣು ಮುಚ್ಚಿ ತೆಗೆಸಿ ಹೆಂಗೋ ಆಯ್ತು. ಇನ್ನೊಬ್ಬ ಕಾಕಾ ಒಂದೂವರೆ ವರ್ಷದಿಂದ ರೊಕ್ಕ ಬಂದಿಲ್ಲ ಅಂತ ಕೃಷಿ ಇಲಾಖೆಗೆ, ಬ್ಯಾಂಕಿಗೆ ಅಲೀತಿದ್ದ. ನೋಡಿದ್ರೆ ಎಲ್ಲಾ ಕಂತೂ ಬಂದಿವೆ. ಆಧಾರ್ ಯಾವ ಬ್ಯಾಂಕಿಗೆ ಕೊನೆಗೆ ಲಿಂಕ್ ಆಗಿರುತ್ತೋ ರೊಕ್ಕ ಅಲ್ಲಿಗೆ ಹೋಗುತ್ತೆ, ಇವನು ಯಾವಾಗಲೋ ಸಂತೆಯಲ್ಲಿ ಟೇಬಲ್ ಹಾಕಿಕೊಂಡು ಕೂತಿದ್ದ ಹುಡುಗರ ಹತ್ರ ಝೀರೋ ಬ್ಯಾಲೆನ್ಸ್ ಖಾತೆ ಮಾಡಿಸಿ ಮರೆತಿದ್ದ, ರೊಕ್ಕ ಅಲ್ಲಿ ಕೂತಿತ್ತು. ಅವತ್ತು ಆ ಕಾಕಾ ಕಣ್ಣಲ್ಲಿ ನೀರು ತಂದ್ಕೊಂಡ. ಯಾರಿಗಾದ್ರೂ ಬಂದಿಲ್ಲ ಅಂದ್ರೆ ಮೊದಲು ಇದನ್ನ ನೋಡಿಸಿ, ದಯವಿಟ್ಟು.

ಇವೆಲ್ಲ ತೊಂದರೆಗಳೇ, ಆದ್ರೆ ಇವಕ್ಕೆ ದಾರಿ ಇದೆ. ಬೆರಳು ಹಿಡೀಲಿಲ್ಲ ಅಂದ್ರೆ ಮುಖ, ಮುಖ ಆಗಲಿಲ್ಲ ಅಂದ್ರೆ ಓಟಿಪಿ. ನಾನು ಕೂತು ಮಾಡಿಕೊಡಬಲ್ಲೆ. ಗಂಡ ಸತ್ತು ಹೊಲ ಇನ್ನೂ ಮಾವನ ಹೆಸರಲ್ಲೇ ಇರೋ ಹೆಣ್ಮಕ್ಕಳಿಗೂ ಪೌತಿ ಖಾತೆ (ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ) ಮಾಡಿಸಿಕೊಡೋಕೆ ಅರ್ಜಿ ಇದೆ, ವಂಶಾವಳಿ ತರೋಕೆ ಅಲೆಸ್ತಾರೆ ಆದ್ರೂ ಕೊನೆಗೆ ಆಗುತ್ತೆ. ಲಾವಣಿ ಮಾಡೋನಿಗೆ ಮಾತ್ರ ನನ್ನ ಕಂಪ್ಯೂಟರಲ್ಲಿ ಯಾವ ಬಟನ್ನೂ ಇಲ್ಲ.

ಅಪ್ಪ ಒಬ್ಬರದೇ ಹೊಲ 17 ವರ್ಷದಿಂದ ಮಾಡ್ತಿದಾನೆ, ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯ ಕೊನೇ ಕಡೆ 6 ಎಕರೆ. ಹೊಲದೋರು ರಾಯಚೂರಲ್ಲಿ ಮನೆ ಮಾಡ್ಕೊಂಡಿದಾರೆ, ನಾವು ಸಾಹುಕಾರ್ರು ಅಂತೀವಿ. ಯುಗಾದಿ ಹೊತ್ತಿಗೆ ಮಾತಾಗುತ್ತೆ, ಬಾಯಿ ಮಾತು ಅಷ್ಟೇ, ಬೆಳೆಗೆ ಎಕರೆಗೆ ಇಷ್ಟು ಚೀಲ ನೆಲ್ಲು ಅಂತ. ಈಗ 12 ಚೀಲ. ಬೆಳೆ ಬರಲಿ ಬಿಡಲಿ ಆ ಚೀಲ ಅಥವಾ ಅದರ ರೊಕ್ಕ ಮುಟ್ಟಿಸಬೇಕು. ಬೀಜ ಅಪ್ಪಂದು, ಟ್ರಾಕ್ಟರ್ ಬಾಡಿಗೆ, ನಾಟಿ ಕೂಲಿ, ಗೊಬ್ಬರ, ಎಣ್ಣಿ (ಕೀಟನಾಶಕ), ಕಟಾವು ಮಷಿನ್ ಎಲ್ಲಾ ಅಪ್ಪಂದು, ಎಕರೆಗೆ 30 ಸಾವಿರದ ಮೇಲೆ ಹೋಗುತ್ತೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡ್ಕೊಂಡು ತೂಬಿನ ಹತ್ರ ಕಾಯೋದೂ ಅಪ್ಪಂದೇ, ಕೊನೇ ಭಾಗದೋರಿಗೆ ನೀರು ಬರೋದೇ ಆ ಹೊತ್ತಿಗೆ, ಮೇಲಿನೋರು ಮಲಗಿದಾಗ.

ಈ ರೊಕ್ಕ ಎಲ್ಲಿಂದ ತರ್ತಾನೆ ಅಂದ್ರೆ ದಲಾಲಿ ಅಂಗಡಿಯಿಂದ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ವರ್ಷಕ್ಕೆ 24 ಆಯ್ತು. ಪಹಣಿ ಇದ್ದೋನಿಗೆ ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದ ಸಾಲ ಅಂತ 2023ರ ಬಜೆಟ್ಟಲ್ಲಿ ಮಾಡಿದ್ರು, ಅದಕ್ಕಿಂತ ಮುಂಚೆ 3 ಲಕ್ಷ ಇತ್ತು. ಅಂದ್ರೆ ಒಂದೇ ಹೊಲದ ಮೇಲೆ, ಹೊಲ ಇದ್ದೋರಿಗೆ ಸೊನ್ನೆ ಬಡ್ಡಿ, ಹೊಲ ಮಾಡೋನಿಗೆ 24. ಸಾಲ ಕೊಟ್ಟ ಅಂಗಡಿಗೇ ನೆಲ್ಲು ಹಾಕಬೇಕು, ಅವರು ಹೇಳಿದ ರೇಟಿಗೆ, ಅವರು ಹೇಳಿದ ತೂಕಕ್ಕೆ. ಬೆಂಬಲ ಬೆಲೆ ಕೇಂದ್ರಕ್ಕೆ ಹಾಕೋಣ ಅಂದ್ರೆ ಅಲ್ಲೂ ಎಫ್‌ಐಡಿ ಕೇಳ್ತಾರೆ, ಎಫ್‌ಐಡಿ ಪಹಣಿ ಇದ್ದೋರಿಗೆ. ಸಾಹುಕಾರ್ರ ಹೆಸರಲ್ಲಿ ಹಾಕಬಹುದು, ರೊಕ್ಕ ಅವರ ಖಾತೆಗೆ ಬೀಳುತ್ತೆ, ಆಮೇಲೆ ಅವರು ಕೊಡಬೇಕು. ಎಷ್ಟು ದಿನಕ್ಕೆ ಕೊಡ್ತಾರೆ ಅನ್ನೋದು ಅವರ ಮನಸ್ಸು.

ಬೆಳೆ ಸಮೀಕ್ಷೆ ಅಂತ ಬರುತ್ತಲ್ಲ, ಅದನ್ನ ಸ್ವಲ್ಪ ಹೇಳಬೇಕು. ಪ್ರತಿ ಹಂಗಾಮಿಗೂ ನಮ್ಮೂರ ಹುಡುಗನೇ ಪಿಆರ್ ಅಂತ (ಸಮೀಕ್ಷೆಗೆ ಗೊತ್ತು ಮಾಡಿದ ಖಾಸಗಿ ಹುಡುಗ) ಮೊಬೈಲ್ ಹಿಡ್ಕೊಂಡು ಹೊಲಕ್ಕೆ ಬರ್ತಾನೆ, ಸರ್ವೆ ನಂಬರ್ ಒಳಗೆ ನಿಂತು ಬೆಳೆ ಫೋಟೋ ಹೊಡೀತಾನೆ. ಒಂದು ಸಲ ನಾನೂ ಅಪ್ಪನ ಜೊತೆ ಬದುವಿನ ಮೇಲೆ ನಿಂತಿದ್ದೆ. ನೆಲ್ಲು ಮೊಣಕಾಲುದ್ದ ಬಂದಿತ್ತು, ಆರ್‌ಎನ್‌ಆರ್ ಅನ್ನೋ ತಳಿ ಹಾಕಿದ್ವಿ. ಹುಡುಗ ಫೋಟೋ ಹೊಡೀವಾಗ ಅಪ್ಪ ಟವೆಲ್ ಸರಿ ಮಾಡ್ಕೊಂಡು ನಿಂತ, ಆ ಹುಡುಗ "ಕಾಕಾ ನೀ ಬ್ಯಾಡ, ಸರೀರಿ, ಬರೇ ಬೆಳಿ ಬರಬೇಕು" ಅಂದ. ಅವನದೇನೂ ತಪ್ಪಿಲ್ಲ, ಆ್ಯಪಲ್ಲಿ ಹಂಗೇ ಇದೆ. ಅಪ್ಪ ಸರಿದು ನಿಂತ. ಫೋಟೋ ಅಪ್‌ಲೋಡ್ ಆಯ್ತು, ಬೆಳೆ ಭತ್ತ, ನೀರಾವರಿ, ಸಾಹುಕಾರ್ರ ಹೆಸರು.

ಬೆಳೆ ವಿಮೆದೂ ಹಿಂಗೇ. ಫಸಲ್ ಬಿಮಾ 2016ರಿಂದ ಇದೆ, ಮುಂಗಾರಿಗೆ ರೈತ ಕಟ್ಟೋದು ವಿಮಾ ಮೊತ್ತದ 2%, ಹಿಂಗಾರಿಗೆ 1.5%, ಉಳಿದಿದ್ದನ್ನ ಸರ್ಕಾರಗಳು ಕಟ್ತಾವೆ. ಯೋಜನೆ ನಿಯಮದಲ್ಲಿ ಗೇಣಿದಾರರು, ಪಾಲಿಗೆ ಮಾಡೋರು ಕೂಡ ಸೇರಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಆದ್ರೆ ಅದಕ್ಕೆ ಗೇಣಿ ಮಾಡ್ತಿದೀನಿ ಅನ್ನೋ ಕಾಗದ ಬೇಕು, ನಮ್ಮ ರಾಜ್ಯದಲ್ಲಿ ಆ ಕಾಗದ ಯಾರೂ ಬರೆದುಕೊಡಲ್ಲ (ಯಾಕೆ ಅಂತ ಮುಂದೆ ಹೇಳ್ತೀನಿ). ಹಂಗಾಗಿ ಪ್ರೀಮಿಯಂ ಅಪ್ಪ ಕೊಡ್ತಾನೆ, ರಸೀತಿ ಸಾಹುಕಾರ್ರ ಹೆಸರಲ್ಲಿ ಬರುತ್ತೆ. ಅದಕ್ಕೆ ಓಟಿಪಿ ಬೇಕಲ್ಲ, ನಾನು ಅಂಗಡಿಯಿಂದ ಫೋನ್ ಮಾಡ್ತೀನಿ, "ಸಾಹುಕಾರ್ರೇ, ಓಟಿಪಿ ಬಂತೇನ್ರಿ". ಅವರು ಊಟಕ್ಕೆ ಕೂತಿದ್ರೆ ಕಾಯಬೇಕು, ಅಷ್ಟರಲ್ಲಿ ಓಟಿಪಿ ಟೈಮ್ ಮುಗಿದಿರುತ್ತೆ, ಮತ್ತೆ ಮೊದಲಿಂದ.

ಎರಡು ವರ್ಷದ ಹಿಂದೆ ಕಟಾವಿಗೆ ಎಂಟು ದಿನ ಇದ್ದಾಗ ರಾತ್ರಿ ಮಳೆ ಗಾಳಿ ಬಂತು. ಬೆಳಿಗ್ಗೆ ಹೋಗಿ ನೋಡಿದ್ರೆ 6 ಎಕರೆನೂ ಚಾಪೆ ಹಾಸಿದಂಗೆ ಮಲಗಿತ್ತು, ಕೆಳಗೆ ನೀರು. ಮೂರು ದಿನಕ್ಕೆ ತೆನೆಯಲ್ಲೇ ಮೊಳಕೆ ಬಂತು. ಅವ್ವ ಬದುವಿನ ಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ಮಷಿನ್‌ನೋರು ಮಲಗಿದ ಬೆಳೆಗೆ ಗಂಟೆ ಬಾಡಿಗೆ ಜಾಸ್ತಿ ಕೇಳಿದ್ರು, ಕೊಯ್ದು ಬಂದ ನೆಲ್ಲನ್ನ ಅಂಗಡಿಯೋರು ಬಣ್ಣ ಹೋಗಿದೆ ಅಂತ ಅರ್ಧ ರೇಟಿಗೆ ತಗೊಂಡ್ರು.

ಸರ್ವೆ ಆಯ್ತು. ಬೆಳೆ 33% ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ರೆ ಪರಿಹಾರ. ಆಗಿನ ಲೆಕ್ಕ ಮಳೆ ನಂಬಿದ ಹೊಲಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ತೋಟದ ಬೆಳೆಗೆ 22,500, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ, ಅಂದ್ರೆ 5 ಎಕರೆ ಹತ್ತಿರ. (2025ರ ಅತಿವೃಷ್ಟಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ತನ್ನ ಕಡೆಯಿಂದ ಸೇರಿಸಿ ನೀರಾವರಿಗೆ 25,500 ಮಾಡಿತು.) ನಮ್ಮ ಹೊಲಕ್ಕೆ 34,000 ಬಂತು. ಬಂದಿದ್ದು ನನಗೇ ಮೊದಲು ಗೊತ್ತಾಗಿದ್ದು, ಪರಿಹಾರದ ವೆಬ್‌ಸೈಟಲ್ಲಿ ಊರಿನ ಪಟ್ಟಿ ತೆಗೆದು ಒಬ್ಬೊಬ್ಬರದೇ ನೋಡ್ತಿದ್ದೆ. ಸಾಹುಕಾರ್ರ ಹೆಸರಿನ ಮುಂದೆ ಜಮಾ ಅಂತ ಇತ್ತು. ಅಪ್ಪ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ತಿದ್ದ, ಹೇಳಿದೆ. "ಬಂತೇನು? ಬರಲಿ ಬಿಡು" ಅಂದ ಅಷ್ಟೇ. ಅಪ್ಪ ಕೇಳೋನಲ್ಲ. ಕೇಳಿದ್ರೆ ಮುಂದಿನ ಯುಗಾದಿಗೆ ಹೊಲ ಬೇರೆಯೋರಿಗೆ ಹೋಗುತ್ತೆ ಅನ್ನೋ ಭಯ, ಕ್ಯಾಂಪಿನೋರು (ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರು) ಎಕರೆಗೆ ಎರಡು ಚೀಲ ಜಾಸ್ತಿ ಕೊಡೋಕೆ ಕಾಯ್ತಿರ್ತಾರೆ.

ನಾನು ಸುಮ್ಮನಿರಲಿಲ್ಲ, ಅಪ್ಪನ್ನ ಕರ್ಕೊಂಡು ರಾಯಚೂರಿಗೆ ಹೋದೆ.

ಸಾಹುಕಾರ್ರು ಕೆಟ್ಟೋರಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತೀನಿ. ನಾನು ಡಿಗ್ರಿ ಓದುವಾಗ ಫೀಸಿಗೆ ಕೊಟ್ಟಿದ್ರು, ಅವ್ವನ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದು ನೋಡಿದ್ರು. ಚಹಾ ಕೊಟ್ಟು ಕೂರಿಸಿದ್ರು. ನಾನು ವಿಷಯ ತೆಗೆದೆ. "ನೋಡವ್ವ, ಹೊಲ ನಂದು, ಸರ್ಕಾರ ಹೊಲದ ಮ್ಯಾಲ ಕೊಡ್ತೈತಿ, ನಾನೇನು ನಿಮ್ಮಪ್ಪಂದು ಕಸ್ಗೊಂಡಿಲ್ಲ" ಅಂದ್ರು. ನಾನು ಹೇಳಿದೆ, "ರೀ, ಪಿಎಂ ಕಿಸಾನ್ ಆರು ಸಾವಿರ ನಾವು ಕೇಳವಲ್ವಿ, ಅದು ಹೊಲ ಇದ್ದೋರಿಗಂತನ ಮಾಡ್ಯಾರ. ಇದು ಹಂಗಲ್ರಿ. ಇದರ ಹೆಸರೇ ಇನ್‌ಪುಟ್ ಸಬ್ಸಿಡಿ. ಬೀಜ ಗೊಬ್ಬರಕ್ಕ ಹಾಕಿದ ರೊಕ್ಕ ಮಳ್ಯಾಗ ಹೋತು, ಮತ್ತ ಬಿತ್ತಾಕ ಕೈಯಾಗ ಒಂದಿಷ್ಟು ಇರ್ಲಿ ಅಂತ ಕೊಡೋದು. ಬೀಜ ಗೊಬ್ಬರ ಯಾರು ಹಾಕ್ಯಾರ್ರಿ?" ಸಾಹುಕಾರ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಪ್ಪ ನನ್ನ ಕಡೆ ನೋಡ್ಲೇ ಇಲ್ಲ, ನೆಲ ನೋಡ್ತಿದ್ದ.

ಇದು ನನ್ನ ಮಾತಲ್ಲ ಅಂತ ಓದೋರಿಗೂ ಹೇಳಬೇಕು, ವಿಪತ್ತು ಪರಿಹಾರದ ನಿಯಮದಲ್ಲೇ ಇದನ್ನ ಇನ್‌ಪುಟ್ ಸಬ್ಸಿಡಿ ಅಂತ ಕರೆದಿದಾರೆ, ಬೆಳೆದೋನಿಗೆ ಆದ ಖರ್ಚಿನ ನಷ್ಟಕ್ಕೆ ಸಿಗೋ ಸಹಾಯ ಅದು. ಭೂಮಿ ಕೊಚ್ಚಿಹೋದ್ರೆ, ಹೂಳು ತುಂಬಿದ್ರೆ ಅದಕ್ಕೆ ಬೇರೆ ಪರಿಹಾರ ಇದೆ, ಅದು ಹೊಲದೋರಿಗೆ ಹೋಗಲಿ, ನ್ಯಾಯ. ಬೆಳೆ ಹೋಗಿದ್ದಕ್ಕೆ ಬಂದಿದ್ದು ಬೆಳೆ ಹಾಕಿದೋನಿಗೆ ಬರಬೇಕು. ನನಗೆ ಇದರಲ್ಲಿ ಎರಡು ಮಾತೇ ಕಾಣ್ಸಲ್ಲ.

ಅವತ್ತು ಅವರು 15,000 ಕೊಟ್ಟು ಕಳಿಸಿದ್ರು. ವಾಪಸ್ ಬರೋವಾಗ ಬಸ್ಸಲ್ಲಿ ಮಾನ್ವಿ ದಾಟೋವರೆಗೂ ಅಪ್ಪ ಮಾತಾಡಲಿಲ್ಲ, ಆಮೇಲೆ "ಇನ್ನೊಮ್ಮೆ ಹಿಂಗ ಮಾಡಬ್ಯಾಡ" ಅಂದ.

ಕಾಗದ ಯಾಕೆ ಬರೆದುಕೊಡಲ್ಲ ಅಂತ ಹೇಳ್ತೀನಿ ಅಂದಿದ್ದೆ. ನಮ್ಮ ಕರ್ನಾಟಕದ ಭೂ ಸುಧಾರಣಾ ಕಾಯ್ದೆ 1961ರದ್ದು, ದೇವರಾಜ ಅರಸು ಕಾಲದಲ್ಲಿ ಆದ ಅದರ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿಗೆ ಕೊಟ್ಟ ಭೂಮಿ ಎಲ್ಲಾ ಸರ್ಕಾರಕ್ಕೆ ಸೇರಿ, ಗೇಣಿ ಮಾಡೋರು ಫಾರಂ 7 ಹಾಕಿ, ಭೂ ನ್ಯಾಯಮಂಡಳಿಯಲ್ಲಿ ಹೊಲ ತಮ್ಮ ಹೆಸರಿಗೆ ಮಾಡ್ಕೊಂಡ್ರು. ಲಕ್ಷಾಂತರ ಸಂಸಾರ ಅದರಿಂದ ಮನುಷ್ಯರಾದ್ರು, ನಮ್ಮೂರಲ್ಲೇ ಎಷ್ಟೋ ಮನೆಗಳಿವೆ. ಅದರ ಜೊತೆಗೇ ಮುಂದೆ ಯಾರೂ ಹೊಲ ಗೇಣಿಗೆ ಕೊಡಬಾರದು ಅಂತಲೂ ಆಯ್ತು, ಸೈನಿಕರು, ಹಡಗಿನ ಕೆಲಸದೋರು ಇಂಥ ಕೆಲವರನ್ನ ಬಿಟ್ಟು. ಹಂಗಾಗಿ ಕಾನೂನಿನ ಪ್ರಕಾರ ಇವತ್ತು ನಮ್ಮ ರಾಜ್ಯದಲ್ಲಿ ಲಾವಣಿನೇ ಇಲ್ಲ. ನಮ್ಮೂರ ನೆಲ್ಲಿನ ಗದ್ದೆಗೆ ಬಂದು ನೋಡಿ, ನಾಕರಲ್ಲಿ ಒಬ್ಬರಾದ್ರೂ ಬೇರೆಯೋರ ಹೊಲ ಮಾಡ್ತಿರೋರು ಸಿಗ್ತಾರೆ. ಅವರೆಲ್ಲ ಯಾವ ಪುಸ್ತಕದಲ್ಲೂ ಇಲ್ಲ.

ಸಾಹುಕಾರ್ರ ಮನೆಯಲ್ಲಿ ಅವರ ತಂದೆ ಕಾಲದಲ್ಲಿ ಹೊಲ ಹೋಗಿದೆ, ಫಾರಂ 7ರಲ್ಲಿ. ಆ ನೋವು ಆ ಮನೆಯಲ್ಲಿ ಇನ್ನೂ ಇದೆ. ಕಾಗದದ ಮೇಲೆ ನಮ್ಮಪ್ಪನ ಹೆಸರು ಬಂದ್ರೆ ಹೊಲ ಹೋಯ್ತು ಅಂತಲೇ ಅವರು ತಿಳ್ಕೊಂಡಿರೋದು. ನಮ್ಮ ಮನೆಯಲ್ಲೂ ಅದೇ ಕಾಲದ ಇನ್ನೊಂದು ನೋವಿದೆ. ನಮ್ಮಜ್ಜ ಆಗ ಬೇರೆಯೋರ ಹೊಲ ಗೇಣಿಗೆ ಮಾಡ್ತಿದ್ದ. 1979ರ ಜೂನ್ ಕೊನೆವರೆಗೂ ಫಾರಂ 7 ಹಾಕೋಕೆ ಅವಕಾಶ ಇತ್ತು, ಅಜ್ಜ ಹಾಕಲಿಲ್ಲ. ಹೊಲದೋರು "ನಿನ್ನ ಕೈ ಬಿಡಂಗಿಲ್ಲ" ಅಂತ ಮಾತು ಕೊಟ್ಟಿದ್ರು, ಉಂಡ ಮನೆಗೆ ಎರಡು ಬಗೀಬಾರದು ಅಂತ ಅಜ್ಜನ ಮನಸ್ಸು. ಎರಡು ವರ್ಷಕ್ಕೆ ಆ ಹೊಲ ಮಾರಿದ್ರು. ಅಜ್ಜಿ ಇದನ್ನ ಹೇಳುವಾಗ ಬೈತಿರಲಿಲ್ಲ, ಆ ಹೊಲದ ಬದುವಿನ ಮೇಲೆ ಇದ್ದ ಬನ್ನಿಗಿಡದ ಮಾತೇ ಹೇಳ್ತಿದ್ಲು.

ಅದಕ್ಕೇ ನನಗೆ ಆ ಕಾಯ್ದೆ ಮೇಲೆ ಸಿಟ್ಟಿಲ್ಲ. ಆ ಕಾಯ್ದೆ ಉಳೋನ ಹೆಸರು ಬರೆಯೋಕೆ ಅಂತ ಬಂದಿದ್ದು. ಐವತ್ತು ವರ್ಷದಲ್ಲಿ ಹೊಲ ಇದ್ದೋರ ಮಕ್ಕಳು ಊರು ಬಿಟ್ರು, ಹೊಲ ಇಲ್ಲದೋರ ಮಕ್ಕಳು ಮತ್ತೆ ಗೇಣಿಗೆ ಇಳಿದ್ರು, ಆದ್ರೆ ಈ ಸಲ ಬಾಯಿ ಮಾತಲ್ಲಿ. ಬೇಕಾಗಿರೋದು ಒಡೆತನ ಬದಲಾಗೋದಲ್ಲ. ಹೊಲ ಅವರದೇ ಇರಲಿ, ಈ ವರ್ಷ ಇದನ್ನ ಮಾಡ್ತಿರೋನು ಇವನು ಅಂತ ಬರೆಯೋಕೆ ಒಂದು ಜಾಗ, ಅದರಿಂದ ಹೊಲದ ಮೇಲೆ ಯಾವ ಹಕ್ಕೂ ಬರಲ್ಲ ಅಂತ ಹೊಲದೋರಿಗೆ ಗಟ್ಟಿ ಭರವಸೆ. ಇದೇನು ನಾನು ಹುಟ್ಟಿಸಿದ್ದಲ್ಲ, ನೀತಿ ಆಯೋಗ 2016ರಲ್ಲೇ ಇಂಥ ಒಂದು ಮಾದರಿ ಕಾಯ್ದೆ ಮಾಡಿ ರಾಜ್ಯಗಳಿಗೆ ಕೊಟ್ಟಿದೆ. ನಮ್ಮ ಜಿಲ್ಲೆಗೆ ಅಂಟಿಕೊಂಡಿರೋ ಆಂಧ್ರದಲ್ಲಿ 2019ರಲ್ಲಿ ಕಾಯ್ದೆ ಬಂತು, 11 ತಿಂಗಳಿಗೆ ಗೇಣಿ ರೈತನಿಗೆ ಕಾರ್ಡ್, ಹೊಲದೋರ ಸಹಿ ಬೇಕು ಅಂತ ಇರೋದ್ರಿಂದ ಅಲ್ಲೂ ಎಲ್ಲರಿಗೂ ಸಿಗಲ್ಲ ನಿಜ, ಆದ್ರೆ ಕಾರ್ಡ್ ಅನ್ನೋದು ಒಂದಿದೆ. ಒಡಿಶಾದಲ್ಲಿ ರೈತರಿಗೆ ರೊಕ್ಕ ಕೊಡೋ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡೋರನ್ನೂ ಸೇರಿಸಿದ್ರು. ನಮ್ಮ ಜಿಲ್ಲೆ ಪಕ್ಕದ ತೆಲಂಗಾಣದಲ್ಲಿ 2018ರಲ್ಲಿ ರೈತು ಬಂಧು ಶುರುವಾದಾಗ ಎಕರೆಗೆ ಬೆಳೆಗೆ 4,000 ಅಂತ ಕೊಟ್ರು, ಎಷ್ಟು ದೊಡ್ಡ ಯೋಜನೆ ನೋಡಿ, ಅದರಲ್ಲೂ ಗೇಣಿ ರೈತರನ್ನ ಬಿಟ್ರು. ಗದ್ವಾಲ್ ಕಡೆ ನಮ್ಮ ಸೋದರಮಾವ ಇದಾನೆ, ಅಲ್ಲಿ ರೊಕ್ಕ ಬರೋಕೆ ಶುರುವಾದ ಮೇಲೆ ಹೊಲದೋರು ಗೇಣಿಯನ್ನೂ ಇಳಿಸಲಿಲ್ಲ, ಎಕರೆ ರೊಕ್ಕನೂ ಅವರೇ ಇಟ್ಕೊಂಡ್ರು ಅಂತ ಹೇಳ್ತಿದ್ದ.

ಒಂದು ಮಾತ್ರ ಅಪ್ಪನಿಗೂ ಸರಿಯಾಗಿ ಬರುತ್ತೆ. ಯೂರಿಯಾ. 45 ಕೆಜಿ ಚೀಲ 266 ರೂಪಾಯಿ 50 ಪೈಸೆ, ಹೊಲ ಇದ್ದೋನಿಗೂ ಅಷ್ಟೇ, ಲಾವಣಿ ಮಾಡೋನಿಗೂ ಅಷ್ಟೇ. ಅಂಗಡಿಯಲ್ಲಿ ಆಧಾರ್ ಕೊಟ್ಟು ಬೆರಳು ಇಟ್ರೆ ಚೀಲ ಕೈಗೆ ಬರುತ್ತೆ, ಸಬ್ಸಿಡಿ ಆ ಚೀಲದೊಳಗೇ ಇದೆ. (ಸಿಕ್ಕಿದ್ರೆ, ಆ ಮಾತು ಬೇರೆ. 2025ರ ಮುಂಗಾರಲ್ಲಿ ನಮ್ಮ ಕಡೆ, ಕೊಪ್ಪಳದ ಕಡೆ ಯೂರಿಯಾಕ್ಕೆ ಹೆಂಗೆ ಸಾಲು ನಿಂತಿದ್ರು ಅಂತ ಎಲ್ಲರೂ ನೋಡಿದೀರಿ.) ಇದನ್ನ ಯೋಚಿಸಿದಾಗ ಅನ್ಸುತ್ತೆ, ಸಬ್ಸಿಡಿಯನ್ನ ಬೆಳೆಗೆ ಬೇಕಾದ ಸಾಮಾನಿಗೆ ಕಟ್ಟಿದ್ರೆ ಅದು ಬೆಳೆಯೋನ ಹತ್ರ ತಾನೇ ನಡ್ಕೊಂಡು ಬರುತ್ತೆ, ಪಹಣಿಗೆ ಕಟ್ಟಿದ್ರೆ ಪಹಣಿ ಇರೋ ಊರಿಗೆ ಹೋಗುತ್ತೆ, ನಮ್ಮ ಹೊಲದ್ದಾದ್ರೆ ರಾಯಚೂರಿಗೆ, ಪಕ್ಕದ ಹೊಲದ್ದಾದ್ರೆ ಬೆಂಗಳೂರಿಗೆ.

ಪಹಣಿಯಲ್ಲಿ ಜಾಗ ಇಲ್ಲದೇ ಏನಿಲ್ಲ. ದಿನಕ್ಕೆ ಹತ್ತಿಪ್ಪತ್ತು ಪಹಣಿ ಪ್ರಿಂಟ್ ತೆಗೀತೀನಿ, ಕಣ್ಣು ಮುಚ್ಚಿದ್ರೂ ಕಾಲಂ ಕಾಣುತ್ತೆ. 9ನೇ ಕಾಲಂ ಮಾಲೀಕರ ಹೆಸರು. 11ರಲ್ಲಿ ಸಾಲ, ಋಣ. 12ನೇ ಕಾಲಂ ಸಾಗುವಳಿದಾರನ ಹೆಸರು, ಯಾವ ಬೆಳೆ ಅಂತ. ಇವತ್ತಿಗೂ ಅದು ಪಹಣಿಯಲ್ಲಿ ಇದೆ, ಅದರಲ್ಲಿ ಸ್ವಂತ ಅಂತಲೋ ಮಾಲೀಕರ ಹೆಸರೋ ಬಂದು ಕೂತಿರುತ್ತೆ. ಅಪ್ಪ ಮಾಡೋ ಹೊಲದ ಪಹಣಿ ನಾನೇ ಎಷ್ಟು ಸಲ ಪ್ರಿಂಟ್ ಹಾಕಿದೀನಿ, ಪ್ರತಿ ಸಲ ಆ 12ನೇ ಕಾಲಂ ನೋಡ್ತೀನಿ.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸಾರಿದ್ರು, ಪರಿಹಾರಕ್ಕೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, 2024ರ ಏಪ್ರಿಲಲ್ಲಿ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಟಿವಿಯಲ್ಲಿ ರಾತ್ರಿ ಎಲ್ಲ ಅದೇ ಚರ್ಚೆ, ಕೊಟ್ಟಿದ್ದು ಕಡಿಮೆ, ಕೇಳಿದ್ದು ಇಷ್ಟು, ಅವರದು ತಪ್ಪು ಇವರದು ತಪ್ಪು. ನಾನು ಕಾಯ್ಕೊಂಡು ಕೂತಿದ್ದೆ, ಯಾರಾದ್ರೂ ಒಬ್ಬರು ಈ ರೊಕ್ಕ ಯಾರ ಕೈಗೆ ಹೋಗುತ್ತೆ, ಬಿತ್ತಿದೋನಿಗೋ ಬರೆಸ್ಕೊಂಡೋನಿಗೋ ಅಂತ ಕೇಳ್ತಾರೇನೋ ಅಂತ. ಒಬ್ಬರೂ ಕೇಳಲಿಲ್ಲ.

ಈಗ ಮತ್ತೆ ಅದೇ ಬಂದು ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಗಿದ್ದು ನೆನಪಿದೆಯಲ್ಲ, ನಮ್ಮೂರಲ್ಲಿ ಅವತ್ತು ಯಾರೂ ಮಲಗಲಿಲ್ಲ, ಹರಿಯೋ ನೀರಲ್ಲೇ ತಡೆಗೇಟ್ ಕೂರಿಸಿ ಆ ವರ್ಷದ ಬೆಳೆ ಉಳಿಸಿಕೊಟ್ರು, ಆ ಕೆಲಸ ಮಾಡಿದೋರಿಗೆ ನಮ್ಮ ಕಡೆಯೋರು ಇವತ್ತಿಗೂ ಕೈ ಮುಗೀತಾರೆ. ಈಗ ಹಳೇ ಗೇಟ್ 33ನ್ನೂ ಬದಲಾಯಿಸೋಕೆ ಅಂತ 2025-26ರ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲ್ಲ ಅಂತ ತೀರ್ಮಾನ ಆಯ್ತು. ಗೇಟ್ ಹಾಕಲೇಬೇಕು, ಅದರಲ್ಲಿ ಯಾರದೂ ತಕರಾರಿಲ್ಲ. ಬೆಳೆ ಇಲ್ಲದ ಹಂಗಾಮಿಗೆ ಪರಿಹಾರ ಕೊಡಿ ಅಂತ ರೈತ ಸಂಘದೋರು ಹೋರಾಟ ಮಾಡ್ತಿದಾರೆ. ಕೊಟ್ರೆ ಅದೂ ಎಫ್‌ಐಡಿಗೇ ಬೀಳುತ್ತೆ. ಬೆಳೆ ಇಲ್ಲದೇ ಮನೆಯಲ್ಲಿ ಕೂತಿರೋನು ಅಪ್ಪ. ಅವ್ವ ಮೆಣಸಿನಕಾಯಿ ಬಿಡಿಸೋಕೆ ಕೂಲಿಗೆ ಹೋಗ್ತಿದಾಳೆ.

ಅದಕ್ಕೇ ಈ ಸಲ ನಾನು ಯುಗಾದಿವರೆಗೂ ಕಾಯಲಿಲ್ಲ. ಒಂದು ಹಾಳೆಯಲ್ಲಿ ಟೈಪ್ ಮಾಡಿದೆ. ಸರ್ವೆ ನಂಬರ್, 6 ಎಕರೆ, 12 ಚೀಲ, ಹೊಲದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಬೆಳೆ ನಷ್ಟದ ಪರಿಹಾರ ಮತ್ತು ವಿಮೆ ಬಂದ್ರೆ ಅದು ಬೆಳೆ ಮಾಡಿದವರಿಗೆ ಸೇರಬೇಕು, ಪಿಎಂ ಕಿಸಾನ್ ಮಾಲೀಕರಿಗೇ. ಕೋರ್ಟಲ್ಲಿ ಇದು ನಿಲ್ಲಲ್ಲ ಅಂತ ನನಗೆ ಗೊತ್ತು, ಗೇಣಿನೇ ಇಲ್ಲ ಅನ್ನೋ ಕಾನೂನಿನಲ್ಲಿ ಗೇಣಿ ಕಾಗದ ಎಲ್ಲಿ ನಿಲ್ಲುತ್ತೆ. ಆದ್ರೂ ಬರೆದಿದ್ದು ಇರಲಿ. ಅಪ್ಪ ಬರೋಕೆ ಒಪ್ಪಲಿಲ್ಲ, ಅವ್ವ "ಹೋಗಿ ಬರ್ರಿ, ಕೇಳಿದ್ರ ಏನು ಹೊಡಿತಾರ" ಅಂದ ಮೇಲೆ ಹೊರಟ.

ಸಾಹುಕಾರ್ರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಅವರ ಮಗನಿಗೆ ಫೋನ್ ಮಾಡಿ ಓದಿ ಹೇಳಿದ್ರು. ಆಮೇಲೆ ಪೆನ್ನು ತಗೊಂಡು ಲಾವಣಿ ಅನ್ನೋ ಪದ ಹೊಡೆದು ಹಾಕಿ ಅದರ ಮೇಲೆ "ನೋಡಿಕೊಳ್ಳಲು" ಅಂತ ಬರೆದ್ರು. ಪರಿಹಾರದ ಸಾಲಲ್ಲಿ "ಅರ್ಧ" ಅಂತ ಸೇರಿಸಿದ್ರು. ನಾನು ಬಾಯಿ ತೆಗೆಯೋದ್ರೊಳಗೆ ಅಪ್ಪ "ಆತ್ರಿ" ಅಂದುಬಿಟ್ಟ. ಸಹಿ ಮಾಡಿದ್ರು. ಅಪ್ಪ ತನ್ನ ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ ಬರೆದ.

ಅರ್ಧ ಯಾಕೆ ಅಂತ ನನಗಿನ್ನೂ ಹೊಟ್ಟೆಯಲ್ಲಿ ಉರೀತಿದೆ, ಮುಂದಿನ ಸಲ ಅದನ್ನ ಕೇಳ್ತೀನಿ. ಅಂಗಡಿಗೆ ಬಂದು ಆ ಹಾಳೆಯನ್ನ ಲ್ಯಾಮಿನೇಷನ್ ಮಾಡಿ ಕೊಟ್ಟೆ. ಅಪ್ಪ ಅದನ್ನ ಆಧಾರ್ ಕಾರ್ಡ್ ಇರೋ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಬಾಯಿ ಸುತ್ತಿ, ಅಂಗಿ ಒಳಗಿನ ಜೇಬಲ್ಲಿ ಇಟ್ಕೊಂಡ. ಆಮೇಲೆ ದಿನಾ ಕೇಳೋದನ್ನೇ ಕೇಳಿದ, "ಮೂವತ್ಮೂರರಾಗ ಇವತ್ತಿಗೆ ಎಷ್ಟು ಗೇಟ್ ಕುಂತಾವ ಮೊಬೈಲ್‌ನ್ಯಾಗ ನೋಡು."